ಪಂಪು ಬಿಚ್ಚುವ ಮೊದಲು ನೀರಿನ ದಾರಿ ನೋಡಿ

"ಅಣ್ಣೇರೇ, ಮದ್ದು ಬರ್ತಾ ಇಲ್ಲ!"

ಮರದ ತುದಿಯಿಂದ ಈ ಕೂಗು ಕೇಳದ ಅಡಿಕೆ ಕೃಷಿಕ ಇರಲಿಕ್ಕಿಲ್ಲ. ಕೆಳಗೆ ಪಂಪು ಓಡುತ್ತಲೇ ಇರುತ್ತದೆ. ಡ್ರಮ್ಮಿನಲ್ಲಿ ಬೋರ್ಡೋ ಉಂಟು. ಮೇಲೆ ಮಾತ್ರ ನಾಜಲ್ ಉಗುಳು ನುಂಗಿದ ಹಾಗೆ ಮಾಡುತ್ತದೆ. ಆಕಾಶ ನೋಡಿದರೆ ಪಡುವಣದಲ್ಲಿ ಮೋಡ ಕಪ್ಪಾಗುತ್ತಾ ಇರುತ್ತದೆ.

ನಾನು ಮೆಕ್ಯಾನಿಕ್ ಅಲ್ಲ. ಒಂದೂವರೆ ಎಕ್ರೆ ಅಡಿಕೆ, ನಾಲ್ಕು ದನ ಇರುವ ಕೃಷಿಕ. ಎಚ್.ಟಿ.ಪಿ. ಸ್ಪ್ರೇಯರು ಮತ್ತು ಹಟ್ಟಿ ತೊಳೆಯುವ ಪ್ರೆಶರ್ ವಾಶರ್, ಎರಡರ ಜೊತೆಯೂ ಗುದ್ದಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕಲಿತದ್ದು ಪುಕ್ಕಟೆಗಲ್ಲ, ಒಂದು ವರ್ಷದ ಬೆಳೆಯಲ್ಲಿ ಅದಕ್ಕೆ ಫೀಸು ಕಟ್ಟಿದ್ದೇನೆ.

ಆ ಮಳೆಗಾಲ

2018ರ ಮಳೆಗಾಲವನ್ನು ನಮ್ಮ ಕಡೆಯ ಅಡಿಕೆ ಬೆಳೆಗಾರರು ಮರೆಯುವಂತಿಲ್ಲ. ಮೊದಲ ಮದ್ದು ಜೂನಿನಲ್ಲಿ ಹೇಗೋ ಮುಗಿದಿತ್ತು. ಎರಡನೆಯದು 40-45 ದಿನಕ್ಕೆ ಬೀಳಬೇಕು. ಮಳೆ ಬಿಡುವುದೇ ಇಲ್ಲ. ಅಂತೂ ಒಂದು ಬೆಳಗ್ಗೆ ಬಿಸಿಲು ಮೂಡಿತು. ಮರ ಹತ್ತುವ ಇಬ್ಬರು, ಹೋಸು ಎಳೆಯಲು ಒಬ್ಬರು, ಮೂವರೂ ಸಿಕ್ಕಿದ್ದೇ ಪುಣ್ಯ. ಮನೆಯವಳು ಮೈಲುತುತ್ತು, ಸುಣ್ಣ ಬೆರೆಸಿ ಡ್ರಮ್ ತುಂಬಿಸಿದಳು.

ಹತ್ತೇ ಮರ ಆಗಿರಬಹುದು, ಕೂಗು ಬಂತು. ಪಂಪಿನ ಮುಳ್ಳು ಗಡಗಡ ನಡುಗುತ್ತಿದೆ. ಹೋಸು ಹಾವಿನ ಹಾಗೆ ಹೊಡೆದುಕೊಳ್ಳುತ್ತಿದೆ. ಡ್ರಮ್ಮಿನ ಹತ್ತಿರ ಇದ್ದ ಮನೆಯವಳು, "ಇಲ್ನೋಡಿ, ರಿಟರ್ನ್ ಪೈಪಿನಲ್ಲಿ ಗುಳ್ಳೆ ಬರ್ತಾ ಉಂಟು" ಅಂದಳು. "ನೀನು ಸುಮ್ಮನಿರು ಮಾರಾಯ್ತಿ" ಅಂತ ಹೇಳಿ ನಾನು ಪಾನ ಹಿಡಿದು ಪಂಪಿನ ತಲೆಯನ್ನೇ ಬಿಚ್ಚಿದೆ.

ಬಿಚ್ಚಿದ್ದು ಗೊತ್ತು, ಜೋಡಿಸಲು ಗೊತ್ತಾಗಲಿಲ್ಲ. ವಾಲ್ವಿನ ಸ್ಪ್ರಿಂಗ್ ಒಂದು ಹಾರಿ ಕೆಸರಿಗೆ ಬಿತ್ತು. ಮಧ್ಯಾಹ್ನ ಪಂಪನ್ನು ಜೀಪಿಗೆ ಹಾಕಿ ಪೇಟೆಗೆ ಒಯ್ದೆ. ಮೂವರಿಗೂ ಊಟ, ಅರ್ಧ ದಿನದ ಸಂಬಳ ಕೊಟ್ಟು ಕಳಿಸಿದ್ದಾಯಿತು. ಬೆರೆಸಿದ ಬೋರ್ಡೋ ಹಾಳಾಯಿತು. ಅದನ್ನು ಮಾಡಿದ ದಿನವೇ ಮುಗಿಸಬೇಕಲ್ಲ.

ನಾಲ್ಕು ದಿನದ ಮೇಲೆ ಪಂಪು ಸಿಕ್ಕಿತು. ಸೀಲು ಬದಲಿಸಿದ್ದರು, ವಾಲ್ವು ಹೊಸತು ಹಾಕಿದ್ದರು. ಅಂಗಡಿಯಲ್ಲಿ ಓಡಿಸಿ ತೋರಿಸಿದರು, ಮುಳ್ಳು ಗಟ್ಟಿಯಾಗಿ ನಿಂತಿತು. ಮನೆಗೆ ತಂದು ಜೋಡಿಸಿದೆ. ಮತ್ತೆ ಅದೇ ಕುಣಿತ!

ಕೊನೆಗೆ ಕಂಡುಹಿಡಿದದ್ದು ನಮ್ಮೂರಿನ ಹಳೇ ಡೀಸೆಲ್ ಪಂಪುಗಳ ಕಾಲದ ಮೇಸ್ತ್ರಿ. ವಯಸ್ಸು ಎಪ್ಪತ್ತರ ಮೇಲೆ. ಅವರು ಪಾನ ಕೇಳಲೇ ಇಲ್ಲ. ಒಂದು ಮುಷ್ಟಿ ಜೇಡಿಮಣ್ಣು ಕಲಸಿ ತರಲು ಹೇಳಿದರು. ಪಂಪು ಓಡುತ್ತಿದ್ದಂತೆ ಸಕ್ಷನ್ ಪೈಪಿನ ಒಂದೊಂದೇ ಜಾಯಿಂಟಿಗೆ ಅದನ್ನು ಮೆತ್ತುತ್ತಾ ಬಂದರು. ಪಂಪಿನ ಬುಡದ ಕ್ಲಿಪ್ಪಿನ ಹತ್ತಿರ ಮೆತ್ತಿದ್ದೇ ತಡ, ಮುಳ್ಳು ಮೇಲೇರಿ ನಿಂತಿತು. ಕ್ಲಿಪ್ಪಿನ ಅಡಿಯಲ್ಲಿ ಪೈಪು ಕೂದಲೆಳೆಯಷ್ಟು ಸೀಳಿತ್ತು.

ಪಂಪನ್ನು ಪೇಟೆಗೆ ಒಯ್ಯುವಾಗ ಸಕ್ಷನ್ ಪೈಪನ್ನು ನಾನು ಮನೆಯಲ್ಲೇ ಬಿಟ್ಟಿದ್ದೆ. ಅವರು ಅವರ ಪೈಪು ಹಾಕಿ ಓಡಿಸಿದರು. ಸರಿಯಾಗಿಯೇ ಓಡಿತು. ಅವರ ತಪ್ಪೇನೂ ಅಲ್ಲ.

"ನೀರು ದೂಡುವ ಕಡೆ ಸೋರಿದರೆ ಕಣ್ಣಿಗೆ ಕಾಣ್ತದೆ" ಎಂದರು ಮೇಸ್ತ್ರಿ. "ಎಳೆಯುವ ಕಡೆ ಸೋರಿದರೆ ಕಾಣುದಿಲ್ಲ. ಅಲ್ಲಿ ನೀರು ಹೊರಗೆ ಬರುದಿಲ್ಲ, ಗಾಳಿ ಒಳಗೆ ಹೋಗುದು."

ಪೈಪಿನ ತುದಿಯನ್ನು ಎರಡು ಇಂಚು ಕತ್ತರಿಸಿ ಮತ್ತೆ ಕ್ಲಿಪ್ ಬಿಗಿದೆವು. ಖರ್ಚು ಸೊನ್ನೆ. ಆದರೆ ಅಷ್ಟು ಹೊತ್ತಿಗೆ ಆಟಿಯ ಮಳೆ ಹಿಡಿದುಕೊಂಡಾಗಿತ್ತು. ಎರಡನೇ ಮದ್ದು ಬೀಳುವಾಗ ಮತ್ತೆ ಹದಿನೈದು ದಿನ ಕಳೆದಿತ್ತು. ಬೆಳಗ್ಗೆ ತೋಟಕ್ಕೆ ಹೋದರೆ ಮರದ ಬುಡದಲ್ಲೆಲ್ಲಾ ಕೊಳೆತ ಎಳೆ ಅಡಿಕೆ. ಬುಟ್ಟಿಯಲ್ಲಿ ಹೆಕ್ಕಿ ಹೆಕ್ಕಿ ಸಾಕಾಯಿತು. ಆ ವರ್ಷ ಒಣಗಿಸಿದ ಅಡಿಕೆ ಅಂಗಳದ ಅರ್ಧಕ್ಕೂ ಸಾಲಲಿಲ್ಲ. ಎಲ್ಲಾ ಪಂಪಿನಿಂದಲೇ ಆಯಿತು ಅನ್ನಲಾರೆ. ಹೊತ್ತಿಗೆ ಸರಿಯಾಗಿ ಮದ್ದು ಬಿಟ್ಟವರಿಗೂ ಆ ವರ್ಷ ಕೊಳೆ ಬಂದಿದೆ. ಆದರೆ ಆ ಒಂದು ಬಿಸಿಲಿನ ದಿನ ನನ್ನ ಕೈಯಲ್ಲಿತ್ತು, ಅದನ್ನು ನಾನು ಕಳೆದುಕೊಂಡೆ.

ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸುವುದು ಇಂದು ನಿನ್ನೆಯದಲ್ಲ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಈ ರೋಗದ ಮೇಲೆ ಕೆಲಸ ಮಾಡಿ 1910ರಲ್ಲಿ ವರದಿ ಬರೆದರು. ನೂರು ವರ್ಷ ದಾಟಿದೆ, ಶೇಕಡ 1ರ ಬೋರ್ಡೋ ಈಗಲೂ ನಮ್ಮ ಮುಖ್ಯ ಮದ್ದು. ಮದ್ದು ಗೊತ್ತುಂಟು, ಹೊತ್ತು ಗೊತ್ತುಂಟು. ಹೊತ್ತಿಗೆ ಸರಿಯಾಗಿ ಅದನ್ನು ಮೇಲೆ ಮುಟ್ಟಿಸುವ ಪಂಪೇ ಕೈಕೊಟ್ಟರೆ?

ಪಂಪಿನ ಒಳಗೆ ಏನುಂಟು?

ಎಚ್.ಟಿ.ಪಿ. ಪಂಪಿನಲ್ಲಿ ಮೂರು ಪ್ಲಂಜರುಗಳಿವೆ. ಸೈಕಲ್ ಪಂಪಿನ ಹಾಗೆ ಹಿಂದೆ ಮುಂದೆ ಓಡುತ್ತವೆ. ಒಂದೊಂದಕ್ಕೂ ಎರಡು ವಾಲ್ವು. ಒಂದು ನೀರನ್ನು ಒಳಗೆ ಬಿಡುತ್ತದೆ, ಇನ್ನೊಂದು ಹೊರಗೆ ಬಿಡುತ್ತದೆ. ಒಟ್ಟು ಆರು. ಪ್ಲಂಜರಿನ ಸುತ್ತ ಸೋರದಂತೆ ಸೀಲು. ಮೇಲೆ ರೆಗ್ಯುಲೇಟರು. ನಾಜಲಿನಲ್ಲಿ ಹೋಗಿ ಉಳಿದ ನೀರನ್ನು ಅದು ರಿಟರ್ನ್ ಪೈಪಿನ ಮೂಲಕ ಡ್ರಮ್ಮಿಗೆ ವಾಪಸು ಕಳಿಸುತ್ತದೆ. ಇಷ್ಟೇ.

ಪ್ರೆಶರ್ ವಾಶರಿನ ಒಳಗೂ ಇದೇ ಸಂಸಾರ, ಗಾತ್ರ ಮಾತ್ರ ಚಿಕ್ಕದು. ಎಚ್.ಟಿ.ಪಿ. ಹೆಚ್ಚು ನೀರನ್ನು ಕಡಿಮೆ ಒತ್ತಡದಲ್ಲಿ ದೂಡುತ್ತದೆ. ನಮ್ಮದರಲ್ಲಿ ಮುಳ್ಳು 25 ಕೆ.ಜಿ.ಯ ಆಸುಪಾಸು. ಮನೆಬಳಕೆಯ ವಾಶರ್ ನಿಮಿಷಕ್ಕೆ ಆರೇಳು ಲೀಟರ್ ನೀರನ್ನು 100 ಕೆ.ಜಿ.ಗೂ ಮೇಲೆ ಒತ್ತಿ ಬಿಡುತ್ತದೆ.

ಇನ್ನೊಂದು ಲೆಕ್ಕ ನೆನಪಿಟ್ಟುಕೊಳ್ಳಿ. ಹೋಸು ಹತ್ತು ಮೀಟರ್ ಮೇಲೆ ಹೋದರೆ ಒಂದು ಕೆ.ಜಿ. ಒತ್ತಡ ಕಡಿಮೆಯಾಗುತ್ತದೆ. ಅಂದರೆ 60 ಅಡಿಯ ಮರಕ್ಕೂ ನಷ್ಟ ಎರಡು ಕೆ.ಜಿ. ಒಳಗೆ. ಮೇಲೆ ಮದ್ದು ಬರುವುದಿಲ್ಲವಾದರೆ ಮರದ ಎತ್ತರವನ್ನು ದೂರಬೇಡಿ, ಕಾರಣ ಬೇರೆ ಉಂಟು.

ಎರಡು ಕಡೆ ನೋಡಿ, ರೋಗ ಹೇಳಿ

ವೈದ್ಯರು ನಾಡಿ ನೋಡುವ ಹಾಗೆ ನಾನು ಈಗ ಎರಡನ್ನು ನೋಡುತ್ತೇನೆ: ಒತ್ತಡದ ಮುಳ್ಳು, ರಿಟರ್ನ್ ಪೈಪು. ಗನ್ ಬಿಟ್ಟು ಮದ್ದು ಹೊಡೆಯುತ್ತಿರುವಾಗಲೇ ನೋಡಬೇಕು.

1. ಮುಳ್ಳು ಕುಣಿಯುತ್ತದೆ, ರಿಟರ್ನಿನಲ್ಲಿ ಗುಳ್ಳೆ. ಸಕ್ಷನ್ ಕಡೆ ಗಾಳಿ ಹೋಗುತ್ತಿದೆ. ಡ್ರಮ್ಮಿನಲ್ಲಿ ಫಿಲ್ಟರು ಮುಳುಗಿದೆಯಾ, ಕ್ಲಿಪ್ ಬಿಗಿ ಇದೆಯಾ, ವಾಶರ್ ತುಂಡಾಗಿದೆಯಾ, ಪೈಪು ಸೀಳಿದೆಯಾ ನೋಡಿ. ಕಾಣದಿದ್ದರೆ ಜೇಡಿಮಣ್ಣಿನ ಪರೀಕ್ಷೆ ಮಾಡಿ. ಮಣ್ಣಿಲ್ಲದಿದ್ದರೆ ಗ್ರೀಸ್ ಆಗುತ್ತದೆ.

2. ಮುಳ್ಳು ಕುಣಿಯುತ್ತದೆ, ಗುಳ್ಳೆ ಇಲ್ಲ. ಆರು ವಾಲ್ವುಗಳಲ್ಲಿ ಒಂದು ಸರಿಯಾಗಿ ಮುಚ್ಚುತ್ತಿಲ್ಲ. ಹೆಚ್ಚಾಗಿ ಸುಣ್ಣದ ಕಲ್ಲು ಸಿಕ್ಕಿರುತ್ತದೆ. ವಾಲ್ವು ಬಿಚ್ಚಬೇಕಾದದ್ದು ಈಗ. ಒಂದು ಬಿಚ್ಚಿ, ತೊಳೆದು, ಅದರ ಜಾಗಕ್ಕೇ ಹಾಕಿ, ಆಮೇಲೆ ಇನ್ನೊಂದು. ಕೆಳಗೆ ಬಿಳಿ ಬಟ್ಟೆ ಹಾಸಿ ಕೂರಿ. ಯಾಕೆ ಅಂತ ನನ್ನ ಸ್ಪ್ರಿಂಗಿನ ಕತೆ ಓದಿದವರಿಗೆ ಹೇಳಬೇಕಾಗಿಲ್ಲ.

3. ಮುಳ್ಳು ಕೆಳಗೆ, ರಿಟರ್ನಿನಲ್ಲಿ ನೀರು ಜೋರು. ಪಂಪು ಚೆನ್ನಾಗಿಯೇ ಉಂಟು, ನೀರೆಲ್ಲ ವಾಪಸು ಹೋಗುತ್ತಿದೆ. ದೋಷ ರೆಗ್ಯುಲೇಟರಿನದ್ದು. ಲಿವರ್ ಸರಿಯಾಗಿ ಬಿದ್ದಿದೆಯಾ ನೋಡಿ. ತಿರುಪು ಸ್ವಲ್ಪ ಬಿಗಿ ಮಾಡಿ. ಆದರೂ ಏರದಿದ್ದರೆ ಒಳಗಿನ ವಾಲ್ವು ಸವೆದಿದೆ ಅಥವಾ ಕಸ ಸಿಕ್ಕಿದೆ.

4. ಮುಳ್ಳು ಕೆಳಗೆ, ರಿಟರ್ನಿನಲ್ಲಿಯೂ ನೀರು ಕಡಿಮೆ. ಪಂಪಿಗೆ ನೀರೇ ಸಿಗುತ್ತಿಲ್ಲ, ಅಥವಾ ಪಂಪು ತಿರುಗುವುದು ಸಾಲದು. ಮೊದಲು ಡ್ರಮ್ಮಿನ ಫಿಲ್ಟರು ಎತ್ತಿ ನೋಡಿ, ಸುಣ್ಣದ ಚರಟ ಕಟ್ಟಿರುತ್ತದೆ. ನಂತರ ಬೆಲ್ಟು. ಜಾರುವ ಬೆಲ್ಟು ಸುಟ್ಟ ರಬ್ಬರಿನ ವಾಸನೆ ಕೊಡುತ್ತದೆ. ಎರಡೂ ಸರಿ ಇದ್ದರೆ ನಾಜಲ್ ನೋಡಿ. ಬೋರ್ಡೋ ಹೋಗಿ ಹೋಗಿ ನಾಜಲಿನ ತೂತು ದೊಡ್ಡದಾಗುತ್ತದೆ. ಆಗ ನೀರು ಧಾರಾಳ ಬೀಳುತ್ತದೆ, ಮಂಜಿನ ಹಾಗೆ ಒಡೆಯುವುದಿಲ್ಲ. ನಾಜಲಿನ ಬಿಲ್ಲೆ ಬದಲಿಸಿದರೆ ಮುಳ್ಳು ಏರುತ್ತದೆ.

5. ಮುಳ್ಳು ಮೇಲೆ, ನಾಜಲಿನಲ್ಲಿ ಮದ್ದಿಲ್ಲ. ದಾರಿಯಲ್ಲಿ ತಡೆ ಉಂಟು. ಹೋಸು ಮಡಚಿಕೊಂಡಿದೆಯಾ, ಗನ್ನಿನ ಜಾಳಿಗೆಯಲ್ಲಿ ಕಸವಾ, ನಾಜಲ್ ಕಟ್ಟಿದೆಯಾ? ನಾಜಲನ್ನು ಬಾಯಿಯಿಂದ ಊದಬೇಡಿ, ಅದು ಮೈಲುತುತ್ತು.

6. ಪ್ಲಂಜರಿನ ಕೆಳಗೆ ನೀರು ತೊಟ್ಟಿಕ್ಕುತ್ತದೆ. ಸೀಲು ಸವೆದಿದೆ. ಒಂದೆರಡು ತೊಟ್ಟಾದರೆ ಆ ದಿನದ ಕೆಲಸ ಮುಗಿಸಬಹುದು. ಧಾರೆಯಾದರೆ ನಿಲ್ಲಿಸಿ. ಗ್ರೀಸ್ ಕಪ್ ಇರುವ ಪಂಪಾದರೆ ಎರಡು ಗಂಟೆಗೊಮ್ಮೆ ಒಂದು ಸುತ್ತು ತಿರುಗಿಸಬೇಕು. ಇದನ್ನು ಮರೆಯುವುದರಿಂದಲೇ ಹೆಚ್ಚಿನ ಸೀಲು ಹಾಳಾಗುವುದು.

7. ಆಯಿಲ್ ಹಾಲಿನ ಹಾಗೆ ಬೆಳ್ಳಗಾಗಿದೆ. ಆಯಿಲ್ ಪೆಟ್ಟಿಗೆಗೆ ನೀರು ಸೇರಿದೆ. ಹಾಗೆಯೇ ಓಡಿಸಿದರೆ ಒಳಗಿನ ಬೇರಿಂಗಿಗೆ ಬರುತ್ತದೆ, ಆಗ ಖರ್ಚು ಸಾವಿರಗಳಲ್ಲಿ. ಸೀಲು ಬದಲಿಸಿ ಹೊಸ ಆಯಿಲ್ ಹಾಕಿ.

8. ಮೋಟಾರು ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ತಕ್ಷಣ ಸ್ವಿಚ್ ಆಫ್ ಮಾಡಿ. ಲಿವರ್ ಎತ್ತಿ ಒತ್ತಡ ಬಿಟ್ಟುಕೊಂಡೇ ಸ್ಟಾರ್ಟ್ ಮಾಡಬೇಕು. ಆದರೂ ತಿರುಗದಿದ್ದರೆ ವೋಲ್ಟೇಜು ಕಡಿಮೆ ಇರಬಹುದು. ಸಿಂಗಲ್ ಫೇಸ್ ಮೋಟಾರಾದರೆ ಕೆಪಾಸಿಟರ್ ಹೋಗಿರಬಹುದು. ಕೆಪಾಸಿಟರನ್ನು ಮಾತ್ರ ಬಲ್ಲವರೇ ಬಿಚ್ಚಲಿ. ಸ್ವಿಚ್ ತೆಗೆದ ಮೇಲೂ ಅದರಲ್ಲಿ ಶಾಕ್ ಉಳಿದಿರುತ್ತದೆ.

ಹಟ್ಟಿ ತೊಳೆಯುವ ವಾಶರ್

2021ರಲ್ಲಿ ಹಟ್ಟಿಗೆ, ಅಂಗಳದ ಪಾಚಿಗೆ ಅಂತ ಒಂದು ಪ್ರೆಶರ್ ವಾಶರ್ ತಂದೆವು. ಅಂಗಳದಲ್ಲಿ ಜಾರಿ ಬಿದ್ದು ಅಮ್ಮ ಕೈ ಮುರಿದುಕೊಂಡ ಮೇಲೆ ಬಂದ ಬುದ್ಧಿ ಅದು. ಇದಕ್ಕೆ ಮುಳ್ಳೂ ಇಲ್ಲ, ರಿಟರ್ನ್ ಪೈಪೂ ಇಲ್ಲ. ಕಿವಿ, ಕಣ್ಣು ಎರಡನ್ನೇ ನಂಬಬೇಕು.

ತಂದ ಮೊದಲ ವಾರವೇ ತಕರಾರು. ನೀರಿನ ಎಸೆತ ಒಮ್ಮೆ ಜೋರು, ಒಮ್ಮೆ ಸಪ್ಪೆ. ನಾನು ಈ ಸಲ ಪಾನ ಮುಟ್ಟಲಿಲ್ಲ. ನಳ್ಳಿಗೆ ಬಾಲ್ದಿ ಹಿಡಿದೆ. ಹತ್ತು ಲೀಟರಿನ ಬಾಲ್ದಿ ತುಂಬಲು ಎರಡು ನಿಮಿಷ ಬೇಕಾಯಿತು. ಅಂದರೆ ನಿಮಿಷಕ್ಕೆ ಐದು ಲೀಟರ್. ಯಂತ್ರ ಕೇಳುವುದು ಆರಕ್ಕೂ ಮೇಲೆ. ಹೊಟ್ಟೆಗೆ ಸಾಲದ ಯಂತ್ರ ಗಾಳಿ ಕುಡಿಯುತ್ತಿತ್ತು. ಟ್ಯಾಂಕಿಯಿಂದ ಮುಕ್ಕಾಲು ಇಂಚಿನ ಪೈಪು ಬೇರೆಯೇ ಎಳೆದೆವು. ತಕರಾರು ಮುಗಿಯಿತು. ಹತ್ತು ಲೀಟರ್ ಬಾಲ್ದಿ ಒಂದು ನಿಮಿಷದೊಳಗೆ ತುಂಬಿದರೆ ಮನೆಬಳಕೆಯ ವಾಶರಿಗೆ ಸಾಕು.

ಉಳಿದ ತಕರಾರುಗಳು ಇವು:

ಒತ್ತಡ ನಿಧಾನಕ್ಕೆ ಕಡಿಮೆಯಾಗುತ್ತಾ ಬಂತು: ನೀರು ಒಳಹೋಗುವ ಬಾಯಿಯಲ್ಲಿ ಉಗುರಿನಷ್ಟು ದೊಡ್ಡ ಜಾಳಿಗೆ ಉಂಟು. ಟ್ಯಾಂಕಿಯ ಕೆಸರು ಅಲ್ಲಿ ಕೂತಿರುತ್ತದೆ. ತೆಗೆದು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ.

ಎಸೆತ ಓರೆಯಾಗುತ್ತದೆ, ಮೋಟಾರಿಗೆ ಭಾರ: ನಾಜಲಿನಲ್ಲಿ ಮರಳಿನ ಕಣ. ಯಂತ್ರ ಆಫ್ ಮಾಡಿ, ನಾಜಲ್ ಕಳಚಿ, ಸಣ್ಣ ಸೂಜಿಯಿಂದ ಮುಂದಿನಿಂದ ಹಿಂದಕ್ಕೆ ಚುಚ್ಚಿ, ತಿರುಗಿಸಿ ನೀರು ಬಿಡಿ. ತೂತನ್ನು ಕೊರೆದು ದೊಡ್ಡದು ಮಾಡಬೇಡಿ.

ಗನ್ ಒತ್ತದಿದ್ದರೂ ಮೋಟಾರು ಆಗಾಗ ತಾನೇ ಎದ್ದು ನಿಲ್ಲುತ್ತದೆ: ಎಲ್ಲೋ ಸೋರುತ್ತಿದೆ. ಗನ್ ಬಿಟ್ಟ ಕೂಡಲೇ ಮೋಟಾರು ನಿಲ್ಲುವ ಯಂತ್ರಗಳಲ್ಲಿ ಒಳಗಿನ ಒತ್ತಡ ಇಳಿದರೆ ಮೋಟಾರು ಮತ್ತೆ ಓಡುತ್ತದೆ. ಗನ್, ಹೋಸಿನ ಎರಡು ತುದಿ ಒರಸಿ ನೋಡಿ. ಒದ್ದೆಯಾದಲ್ಲಿ ಓರಿಂಗ್ ಬದಲಿಸಿ. ಹೊರಗೆ ಎಲ್ಲೂ ಒದ್ದೆ ಇಲ್ಲವಾದರೆ ದೋಷ ಪಂಪಿನ ಒಳಗಿನ ವಾಲ್ವಿನದ್ದು. ಅದು ಅಂಗಡಿಯ ಕೆಲಸ.

ಮೋಟಾರು ಏಳುವುದಿಲ್ಲ, ಗುಂಯ್ ಮಾತ್ರ: ಗನ್ ಒತ್ತಿ ಹಿಡಿದು ಒಳಗೆ ಉಳಿದ ಒತ್ತಡ ಬಿಡಿ, ಆಮೇಲೆ ಸ್ವಿಚ್ ಹಾಕಿ. ನಾವು ಹಟ್ಟಿಗೆ ಸಪೂರ ವಯರಿನ ಎಕ್ಸ್‌ಟೆನ್ಶನ್ ಎಳೆದಿದ್ದೆವು. ದೂರ ಹೋದಷ್ಟೂ ವೋಲ್ಟೇಜು ಬೀಳುತ್ತದೆ. ದಪ್ಪ ವಯರು ಹಾಕಿದ ಮೇಲೆ ಸರಿಯಾಯಿತು.

ಓಡುತ್ತಾ ಓಡುತ್ತಾ ನಿಂತಿತು: ಮೈ ಬಿಸಿಯಾಗಿ ತಾನೇ ಕಟ್ ಆಗಿರಬಹುದು. ಅರ್ಧ ಗಂಟೆ ತಣಿಯಲು ಬಿಡಿ.

ವಾಶರಿನಲ್ಲಿ ಬೋರ್ಡೋ ಬಿಡಬಹುದಾ ಎಂದು ಆಚೆಮನೆ ಭಾವ ಕೇಳಿದ್ದರು. ಬೇಡವೇ ಬೇಡ. ಸುಣ್ಣದ ಕಣ ಅದರ ಸಣ್ಣ ವಾಲ್ವುಗಳನ್ನು ತಿನ್ನುತ್ತದೆ. ತಾಮ್ರದ ದ್ರಾವಣಕ್ಕೂ ಅಲ್ಯೂಮಿನಿಯಂಗೂ ಆಗುವುದೇ ಇಲ್ಲ.

ಎಚ್.ಟಿ.ಪಿ.ಗೂ ಸುಣ್ಣ ಕಡಿಮೆಯಾದ ಬೋರ್ಡೋ ವಿಷವೇ. ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುವ ಹಳೇ ಪರೀಕ್ಷೆ ಬಿಡಬೇಡಿ. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದು. ಅಂಥ ಮದ್ದು ಎಳೆ ಕಾಯಿಯನ್ನೂ ಸುಡುತ್ತದೆ, ಪಂಪಿನ ಕಬ್ಬಿಣವನ್ನೂ ತಿನ್ನುತ್ತದೆ.

ಇದು ತಮಾಷೆಯಲ್ಲ

ಹೋಸಿನಲ್ಲಿ ಸಣ್ಣ ತೂತಾಗಿ ನೀರು ಚಿಮ್ಮುವಾಗ ನಾವು ಹೆಬ್ಬೆರಳು ಒತ್ತಿ ಹಿಡಿಯುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಇಷ್ಟು ಒತ್ತಡದ ನೀರು ಸೂಜಿಯ ಹಾಗೆ ಚರ್ಮದೊಳಗೆ ಹೋಗುತ್ತದೆ. ಹೊರಗೆ ಮುಳ್ಳು ಚುಚ್ಚಿದಷ್ಟೇ ಗಾಯ, ಒಳಗೆ ಮಾಂಸವೇ ಹಾಳಾಗಿರುತ್ತದೆ. ಮದ್ದು ಸೇರಿದ್ದರೆ ಇನ್ನೂ ಕೆಟ್ಟದು. ಹಾಗಾದರೆ ನೋವು ಕಡಿಮೆ ಅಂತ ಕಾಯದೆ ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಿ, ಒತ್ತಡದ ನೀರು ಒಳಹೊಕ್ಕಿದೆ ಅಂತ ಡಾಕ್ಟರಿಗೆ ಬಿಡಿಸಿ ಹೇಳಿ.

ಏನು ಬಿಚ್ಚುವುದಿದ್ದರೂ ಮೊದಲು ಪ್ಲಗ್ ಕಳಚಿ, ಗನ್ ಒತ್ತಿ ಒತ್ತಡ ಬಿಡಿ. ಬೆಲ್ಟಿಗೆ ಜಾಳಿಗೆಯ ಮುಚ್ಚಳ ಇರಲಿ, ಬೈರಾಸು ಸಿಕ್ಕಿಕೊಂಡರೆ ಕೈಯನ್ನೂ ಎಳೆಯುತ್ತದೆ. ಒದ್ದೆ ನೆಲದಲ್ಲಿ ಕರೆಂಟಿನ ಕೆಲಸವಾದ್ದರಿಂದ ಅರ್ಥಿಂಗ್, ಶಾಕ್ ಹೊಡೆದರೆ ಲೈನ್ ಕಟ್ ಮಾಡುವ ಬ್ರೇಕರ್ ಎರಡೂ ಬೇಕು. ದನದ ಮೈಗೆ ವಾಶರ್ ಹಿಡಿಯಬೇಡಿ. ಮಕ್ಕಳ ಕೈಗೆ ಗನ್ ಕೊಡಬೇಡಿ.

ಮಳೆಗಾಲಕ್ಕೆ ಮುಂಚೆ

ಮೇ ತಿಂಗಳಲ್ಲಿ, ಪತ್ತನಾಜೆಗೆ ಮೊದಲು, ಒಂದು ಸಂಜೆ ಬರೇ ನೀರು ಹಾಕಿ ಪಂಪು ಓಡಿಸಿ. ಹೋಸು ಪೂರ್ತಿ ಬಿಚ್ಚಿ ತುದಿಯಿಂದ ತುದಿಗೆ ನೋಡಿ. ಆಯಿಲ್ ಬದಲಿಸಿ. ಆ ದಿನ ಮುಳ್ಳು ಎಲ್ಲಿ ನಿಂತಿತು ಅಂತ ಗೋಡೆಯಲ್ಲಿ ಬರೆದಿಡಿ. ಮಳೆಗಾಲದಲ್ಲಿ ಹೋಲಿಸಲು ಬೇಕು.

ದಿನದ ಕೆಲಸ ಮುಗಿದ ಕೂಡಲೇ ಎರಡು ಬಾಲ್ದಿ ಒಳ್ಳೆ ನೀರು ಎಳೆಸಿ ಪಂಪನ್ನು ತೊಳೆಯಿರಿ. "ನಾಳೆಯೂ ಉಂಟಲ್ಲ" ಅಂತ ಬಿಟ್ಟರೆ ರಾತ್ರಿಯಲ್ಲಿ ಸುಣ್ಣ ಗಟ್ಟಿಯಾಗಿ ವಾಲ್ವನ್ನು ಕಚ್ಚಿ ಹಿಡಿಯುತ್ತದೆ.

ಒಂದು ಡಬ್ಬಿಯಲ್ಲಿ ಇಷ್ಟು ಇರಲಿ: ಒಂದು ಸೆಟ್ ಸೀಲು, ಎರಡು ವಾಲ್ವು ಸ್ಪ್ರಿಂಗ್ ಸಮೇತ, ಓರಿಂಗ್ ಮತ್ತು ವಾಶರುಗಳು, ನಾಲ್ಕು ಕ್ಲಿಪ್, ನಾಜಲಿನ ಬಿಲ್ಲೆ, ಒಂದು ಬೆಲ್ಟು, ಟೆಫ್ಲಾನ್ ಟೇಪು, ಗ್ರೀಸ್. ಎಲ್ಲಾ ಸೇರಿದರೂ ಮೂವರಿಗೆ ಕೊಡುವ ಒಂದು ದಿನದ ಸಂಬಳಕ್ಕಿಂತ ಹೆಚ್ಚಾಗದು. ಬಿಸಿಲಿನ ಒಂದು ದಿನ ಉಳಿಯುತ್ತದೆ. ಪಂಪನ್ನು ರಿಪೇರಿಗೆ ಒಯ್ಯುವುದಾದರೆ ಸಕ್ಷನ್ ಪೈಪು, ಹೋಸು, ಗನ್ ಎಲ್ಲವನ್ನೂ ಒಯ್ಯಿರಿ.

ಮೇಸ್ತ್ರಿ ಈಗ ಇಲ್ಲ. ಅವರು ಹೇಳಿಕೊಟ್ಟ ಕ್ರಮ ಉಳಿದಿದೆ. ನೀರು ಹೋಗುವ ದಾರಿಯಲ್ಲೇ ನಾವೂ ಹೋಗಬೇಕು: ಡ್ರಮ್, ಫಿಲ್ಟರು, ಪೈಪು, ಪಂಪು, ಹೋಸು, ನಾಜಲ್. ಪಾನ ಕೊನೆಗೆ.

ನಾನು ಸೇರಿಸುವುದು ಒಂದೇ ಮಾತು. ಮೊನ್ನೆಯ ಮಳೆಗಾಲದಲ್ಲಿಯೂ ಮುಳ್ಳು ಕುಣಿಯಿತು. ಪಂಪಿನ ಹತ್ತಿರ ಹೋಗುವ ಮೊದಲು ಡ್ರಮ್ಮಿನ ಹತ್ತಿರ ನಿಂತವಳಿಗೆ ಕೇಳಿದೆ, "ಗುಳ್ಳೆ ಬರ್ತದಾ?"

"ಇಲ್ಲ. ಫಿಲ್ಟರು ಸರಿ ಉಂಟು, ನೋಡಿದೆ. ನೀವು ವಾಲ್ವು ನೋಡಿ" ಅಂದಳು. ಎರಡನೇ ವಾಲ್ವಿನಲ್ಲಿ ಕಡಲೆ ಗಾತ್ರದ ಸುಣ್ಣದ ಕಲ್ಲು ಸಿಕ್ಕಿತು. ಇಪ್ಪತ್ತು ನಿಮಿಷದಲ್ಲಿ ಮೇಲಿದ್ದವರು ಮತ್ತೆ ಮದ್ದು ಬಿಡಲು ಸುರು ಮಾಡಿದರು. ಅಂದು ಸಂಜೆ ಮಳೆ ಬರುವ ಮೊದಲು ತೋಟ ಮುಗಿಯಿತು.

ನಿಮ್ಮಲ್ಲೂ ಇಂಥ ಅನುಭವ ಇದ್ದರೆ ಪತ್ರಿಕೆಗೆ ಬರೆಯಿರಿ. ನಾನಿಲ್ಲಿ ಹೇಳಿದ್ದರಲ್ಲಿ ತಪ್ಪಿದ್ದರೆ ಅದನ್ನೂ ಬರೆಯಿರಿ, ತಿದ್ದಿಕೊಳ್ಳುತ್ತೇನೆ.